ಗುರುವಾರದ ಲಸಿಕೆ ಕೇಂದ್ರ: ಎಸಿ ಇಲ್ಲ, ಆದರೆ ಡಬ್ಬಿ ತಣ್ಣಗಿದೆ

ಕಲಬುರಗಿಯಲ್ಲಿ ಕೂಸಿಗೆ ಲಸಿಕೆ ಎಲ್ಲಿ ಹಾಕಿಸಿದರೆ ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ನಿಮ್ಮ ಬಡಾವಣೆಯ ಸರ್ಕಾರಿ ನಗರ ಆರೋಗ್ಯ ಕೇಂದ್ರಕ್ಕೆ ಒಂದು ಗುರುವಾರ ಹೋಗಿ ನೋಡಿ. ನನ್ನ ಮಗಳಿಗೆ ಆರನೇ ವಾರದಿಂದ ಹಿಡಿದು ಒಂದೂವರೆ ವರ್ಷದ ಬೂಸ್ಟರ್‌ವರೆಗೆ ಎಲ್ಲವನ್ನೂ ಅಲ್ಲೇ ಹಾಕಿಸಿದ್ದೇನೆ. 5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಳೆದದ್ದು ನೆರಳಿಗೆ ಮತ್ತು ಕುರ್ಚಿಗೆ. ಲಸಿಕೆ ಹಾಕುವ ಕೆಲಸಕ್ಕೆ ಪೂರ್ತಿ ಅಂಕ.

ನಾನು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ದಿನವಿಡೀ ರಕ್ತ ತೆಗೆಯುವುದು, ಸ್ಲೈಡ್ ಮಾಡುವುದು, ಬಿಳಿ ರಕ್ತಕಣ ಎಣಿಸುವುದು ನನ್ನ ಕೆಲಸ. ಹಾಗಾಗಿ ಲಸಿಕೆ ಕೇಂದ್ರದ ಒಳಗೆ ಕಾಲಿಟ್ಟರೆ ನನ್ನ ಕಣ್ಣು ಮೊದಲು ಐಸ್ ಡಬ್ಬಿಯ ಕಡೆ ಹೋಗುತ್ತದೆ. ಎಸಿ ಇದೆಯಾ, ಆಟಿಕೆ ಇದೆಯಾ, ಜ್ವರ ಬರದ ಇಂಜೆಕ್ಷನ್ ಸಿಗುತ್ತದಾ ಅಂತ ನೋಡಿ ಜಾಗ ಆರಿಸುವವರು ಜಾಸ್ತಿ. ಅದೆಲ್ಲ ಬೇಡ ಅಂತಲ್ಲ. ಆದರೆ ಲಸಿಕೆ ಹಾಕಿಸುವುದು ಕೂಸಿನ ಮೈ ಒಂದು ರೋಗವನ್ನು ಮೊದಲೇ ಗುರುತು ಹಿಡಿಯಲಿ ಅಂತ. ಆ ಗುರುತು ಸಿಕ್ಕಿತೋ ಇಲ್ಲವೋ ಅನ್ನುವುದು ಬೇರೆಯದೇ ಸಂಗತಿಗಳ ಮೇಲೆ ನಿಂತಿದೆ.

ಮೊದಲು ಡಬ್ಬಿಯ ಮಾತು. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯ ಒಳಗೆ. ನಮ್ಮ ಕೇಂದ್ರದ ಸಿಸ್ಟರ್ ಬೆಳಿಗ್ಗೆ ಏನು ಮಾಡುತ್ತಾರೆ ಅಂತ ಬೇಗ ಹೋದ ದಿನ ನಿಂತು ನೋಡಿದೆ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ನೇರವಾಗಿ ಡಬ್ಬಿಗೆ ಹಾಕಲಿಲ್ಲ. ಟೇಬಲ್ ಮೇಲೆ ಸಾಲಾಗಿ ಇಟ್ಟರು. ಅವು ಬೆವರಿದವು. ಸ್ವಲ್ಪ ಹೊತ್ತಾದ ಮೇಲೆ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿದರು. ಸದ್ದಿಲ್ಲ. ಮತ್ತೆ ಇಟ್ಟರು. ಆಮೇಲೆ ಇನ್ನೊಮ್ಮೆ ಎತ್ತಿದಾಗ ಒಳಗೆ ನೀರು ಕುಲುಕುವ ಸದ್ದು ಬಂತು. ಆಗ ಒರೆಸಿ, ನಾಲ್ಕೂ ಗೋಡೆಗೆ ಒಂದೊಂದು ನಿಲ್ಲಿಸಿ, ನಡುವೆ ಲಸಿಕೆ ಬಾಟಲಿಗಳನ್ನು ಇಟ್ಟು ಮುಚ್ಚಿದರು.

ಇಷ್ಟು ತಾಳ್ಮೆ ಯಾಕೆ ಬೇಕು ಅಂದರೆ, ಲಸಿಕೆಗೆ ಬಿಸಿಯಷ್ಟೇ ಅಲ್ಲ, ಹೆಪ್ಪುಗಟ್ಟುವ ಚಳಿಯೂ ಶತ್ರು. ಪೋಲಿಯೊ ಹನಿ, ದಡಾರ-ರುಬೆಲ್ಲಾ ಲಸಿಕೆಗಳಲ್ಲಿ ಜೀವಂತ ಆದರೆ ಬಲ ಕುಂದಿಸಿದ ವೈರಸ್ ಇರುತ್ತದೆ. ಬಿಸಿ ತಾಗಿದರೆ ಅದು ಸತ್ತೇ ಹೋಗುತ್ತದೆ. ಐದು ರೋಗಗಳಿಗೆ ಒಟ್ಟಿಗೆ ಹಾಕುವ ಪೆಂಟಾ, ಅದರಲ್ಲಿನ ಮೂರು ರೋಗಗಳಿಗೆ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಹಾಕುವ ಡಿಪಿಟಿ, ನ್ಯುಮೋನಿಯಾದ ಪಿಸಿವಿ ಇವುಗಳಲ್ಲಿ ಅಲ್ಯೂಮಿನಿಯಂ ಉಪ್ಪು ಸೇರಿಸಿರುತ್ತಾರೆ. ಸೂಜಿ ಚುಚ್ಚಿದ ಜಾಗಕ್ಕೆ ರಕ್ಷಣಾ ಕಣಗಳನ್ನು ಕರೆಯುವುದಕ್ಕೆ ಅದೇ ನೆರವು. ಹೆಪ್ಪುಗಟ್ಟಿದರೆ ಆ ಉಪ್ಪು ಗಂಟು ಗಂಟಾಗಿ ಲಸಿಕೆಯ ಶಕ್ತಿ ಹೋಗುತ್ತದೆ. ಹಾಳಾದ ಲಸಿಕೆ ಹಾಕಿಸಿಕೊಂಡರೂ ಕೂಸು ಅಷ್ಟೇ ಅಳುತ್ತದೆ, ತಾಯಿ ಕಾರ್ಡ್‌ನಲ್ಲಿ ಅದೇ ಗುರುತು ಬೀಳುತ್ತದೆ. ಮೈ ಮಾತ್ರ ಏನೂ ಕಲಿತಿರುವುದಿಲ್ಲ. ಇದು ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ, ಯಾಕೆಂದರೆ ರೋಗ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಮಗನ ಕಾಲಕ್ಕೆ ನಾವು ಒಂದು ಖಾಸಗಿ ಕ್ಲಿನಿಕ್‌ಗೆ ಹೋಗುತ್ತಿದ್ದೆವು. ಅಲ್ಲಿ ಲಸಿಕೆ ಇಡುತ್ತಿದ್ದದ್ದು ಮನೆಯಲ್ಲಿ ಬಳಸುವಂಥ ಫ್ರಿಜ್‌ನ ಬಾಗಿಲಿನಲ್ಲಿ, ನೀರಿನ ಬಾಟಲಿಗಳ ಪಕ್ಕ. ಒಳಗೆ ಥರ್ಮಾಮೀಟರ್ ಇರಲಿಲ್ಲ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಎಲ್ಲ ಖಾಸಗಿ ಕಡೆಯೂ ಹೀಗೇ ಅನ್ನುವುದಿಲ್ಲ. ಅಚ್ಚುಕಟ್ಟಾಗಿ ಇಡುವ ಮಕ್ಕಳ ಡಾಕ್ಟರುಗಳು ನಮ್ಮ ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ನೀವು ಎಲ್ಲಿಗೇ ಹೋಗಿ, ಫ್ರಿಜ್ ಬಗ್ಗೆ ಕೇಳಿ. ಕೇಳುವುದು ತಪ್ಪಲ್ಲ.

ಸರ್ಕಾರಿ ಬಾಟಲಿಯ ಮೇಲೆ ಇನ್ನೊಂದು ಅನುಕೂಲ ಇದೆ, ಓದು ಬರದವರಿಗೂ ತಿಳಿಯುವಂಥದ್ದು. ಒಂದು ಬಣ್ಣದ ವೃತ್ತ, ಅದರೊಳಗೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಹೋಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿ. ಎರಡೂ ಒಂದೇ ಬಣ್ಣವಾದರೆ ಎಸೆಯಬೇಕು. ಸಿಸ್ಟರ್ ಪ್ರತಿ ಬಾಟಲಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ನಾನು ನೋಡಬೇಕು ಅಂದಾಗ ಬೇಸರಿಸದೆ ತೋರಿಸಿದರು. ಎಂ.ಆರ್., ಅಂದರೆ ದಡಾರ-ರುಬೆಲ್ಲಾ ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಕೂಡಲೇ ಬಾಟಲಿಯ ಮೇಲೆ ಪೆನ್ನಿನಿಂದ ಹೊತ್ತು ಬರೆದರು. ಬೆರೆಸಿದ ಮೇಲೆ 4 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಆ ದಿನ ಎಂ.ಆರ್.ಗೆ ಬಂದಿದ್ದವಳು ನನ್ನ ಮಗಳು ಒಬ್ಬಳೇ. ಇನ್ನಷ್ಟು ಮಕ್ಕಳು ಬರಲಿ, ಮುಂದಿನ ವಾರ ಬನ್ನಿ ಅನ್ನಲಿಲ್ಲ. ಒಬ್ಬಳಿಗಾಗಿಯೇ ಬಾಟಲಿ ತೆರೆದರು. ಇದಕ್ಕೆ ನಾನು ಋಣಿ.

ಇನ್ನು ಚುಚ್ಚಿದ ಮೇಲೆ ಒಳಗೆ ಏನಾಗುತ್ತದೆ ಅನ್ನುವುದು. ಇದು ಗೊತ್ತಿದ್ದರೆ ಆ ಕೇಂದ್ರದ ಪ್ರತಿ ನಿಯಮಕ್ಕೂ ಅರ್ಥ ಸಿಗುತ್ತದೆ.

ನಮ್ಮ ಮೈಗೆ ಎರಡು ಬಗೆಯ ಕಾವಲು ಇದೆ. ಒಂದು ಹುಟ್ಟಿನಿಂದಲೇ ಬಂದದ್ದು. ಚರ್ಮ, ಮೂಗಿನ ಸಿಂಬಳ, ಕಣ್ಣೀರಿನಲ್ಲಿರುವ ಲೈಸೊಜೈಮ್, ಹೊಟ್ಟೆಯ ಆಮ್ಲ ಎಲ್ಲ ಇದರಲ್ಲೇ ಬರುತ್ತವೆ. ಅದನ್ನೂ ದಾಟಿ ಒಳಬಂದ ಕ್ರಿಮಿಯನ್ನು ನುಂಗಿ ಕರಗಿಸುವ ಕಣಗಳಿವೆ: ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್. ಇವು ತಕ್ಷಣ ಕೆಲಸಕ್ಕೆ ಇಳಿಯುತ್ತವೆ, ಆದರೆ ಯಾವ ಕ್ರಿಮಿ ಅಂತ ನೆನಪಿಡುವುದಿಲ್ಲ. ಇನ್ನೊಂದು ಕಾವಲು ಕಲಿತು ಬರುವಂಥದ್ದು. ಅದು ಲಿಂಫೊಸೈಟ್‌ಗಳ ಕೆಲಸ, ಬಿ ಕಣ ಮತ್ತು ಟಿ ಕಣ.

ಲೀಶ್‌ಮನ್ ಬಣ್ಣವನ್ನು ರಕ್ತದ ಸ್ಲೈಡ್ ಮೇಲೆ ಹಾಕಿ, ಎಣ್ಣೆಯ ಹನಿ ಬಿಟ್ಟು, ಮೈಕ್ರೋಸ್ಕೋಪಿನ ನೂರರ ಲೆನ್ಸ್‌ನಲ್ಲಿ ನೋಡಿದರೆ ಇವು ಬಹಳ ಚಂದ. ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರು ನಾಲ್ಕು ತುಂಡಾಗಿ, ನಡುವೆ ಸಣ್ಣ ಎಳೆಯಿಂದ ಕೂಡಿಕೊಂಡಿರುತ್ತದೆ. ಲಿಂಫೊಸೈಟ್ ಹಾಗಲ್ಲ. ಗುಂಡನೆಯ ಕಡು ನೇರಳೆ ನ್ಯೂಕ್ಲಿಯಸ್ ಕಣವನ್ನೆಲ್ಲ ತುಂಬಿ, ಅಂಚಿನಲ್ಲಿ ತೆಳು ನೀಲಿ ಮಾತ್ರ ಉಳಿದಿರುತ್ತದೆ. ಬಿ ಯಾವುದು, ಟಿ ಯಾವುದು ಅಂತ ಈ ಸ್ಲೈಡ್‌ನಲ್ಲಿ ಹೇಳಲು ಆಗುವುದಿಲ್ಲ. ದೊಡ್ಡವರ ರಕ್ತದಲ್ಲಿ ಸಾಮಾನ್ಯವಾಗಿ ನ್ಯೂಟ್ರೋಫಿಲ್ ಜಾಸ್ತಿ. ಪುಟ್ಟ ಮಕ್ಕಳ ರಕ್ತದಲ್ಲಿ ಲಿಂಫೊಸೈಟೇ ಜಾಸ್ತಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೂಸಿನ ರಿಪೋರ್ಟ್ ನೋಡಿ ಗಾಬರಿಯಾಗುತ್ತಾರೆ. ಆ ವಯಸ್ಸಿಗೆ ಅದೇ ಸರಿಯಾದ ಲೆಕ್ಕ.

ಪೆಂಟಾವನ್ನು ಎಡತೊಡೆಗೆ ಹಾಕುತ್ತಾರೆ. ಅದರಲ್ಲಿ ಐದು ರೋಗಗಳಿಗೆ ಸಂಬಂಧಿಸಿದ ಅಂಶ ಇರುತ್ತದೆ: ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ (ಮಕ್ಕಳಿಗೆ ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತ ತರುವ ಒಂದು ಬ್ಯಾಕ್ಟೀರಿಯಾ). ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಅಲ್ಲಿಗೆ ನುಂಗುವ ಕಣಗಳು ಬರುತ್ತವೆ. ಅವು ಬಿಡುವ ರಾಸಾಯನಿಕಗಳಿಂದ ರಕ್ತನಾಳ ಹಿಗ್ಗಿ ಜಾಗ ಕೆಂಪಾಗುತ್ತದೆ, ಊದುತ್ತದೆ. ಅದೇ ರಾಸಾಯನಿಕಗಳು ಮಿದುಳಿಗೆ ಮುಟ್ಟಿ ಜ್ವರ ಬರುತ್ತದೆ. ಡೆಂಡ್ರಿಟಿಕ್ ಅನ್ನುವ ಕಣಗಳು ಲಸಿಕೆಯ ತುಣುಕುಗಳನ್ನು ಎತ್ತಿಕೊಂಡು ತೊಡೆಸಂದಿನ ಗ್ರಂಥಿಗೆ ಹೋಗುತ್ತವೆ. ಅಲ್ಲಿ ಲೆಕ್ಕವಿಲ್ಲದಷ್ಟು ಟಿ ಕಣಗಳು ಓಡಾಡುತ್ತಿರುತ್ತವೆ. ಒಂದೊಂದೂ ಒಂದೊಂದು ಆಕಾರವನ್ನು ಮಾತ್ರ ಗುರುತಿಸಬಲ್ಲದು. ಈ ತುಣುಕಿಗೆ ಸರಿಹೊಂದುವ ಕಣ ಸಿಕ್ಕಿತು ಅನ್ನಿ, ಅದು ಎಚ್ಚೆತ್ತು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಅದೇ ವಸ್ತುವನ್ನು ಹಿಡಿದಿರುವ ಬಿ ಕಣಕ್ಕೂ ನೆರವಾಗುತ್ತದೆ. ಬಿ ಕಣ ಒಡೆದು ಒಡೆದು ಬೆಳೆದು, ಕೆಲವು ಪ್ಲಾಸ್ಮಾ ಕಣಗಳಾಗಿ ಆಂಟಿಬಾಡಿ, ಅಂದರೆ ಕ್ರಿಮಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್, ಸುರಿಸುತ್ತವೆ. ಕೆಲವು ನೆನಪಿನ ಕಣಗಳಾಗಿ ಉಳಿಯುತ್ತವೆ. ಮೊದಲ ಸಲ ಇದಕ್ಕೆಲ್ಲ ಒಂದೆರಡು ವಾರ ಬೇಕು. ಬಂದ ಆಂಟಿಬಾಡಿಯೂ ಕಡಿಮೆ, ಬೇಗ ಇಳಿಯುತ್ತದೆ. ಎರಡನೇ ಸಲ ಅದೇ ವಸ್ತು ಬಂದರೆ ನೆನಪಿನ ಕಣಗಳು ಕೆಲವೇ ದಿನಗಳಲ್ಲಿ ಏಳುತ್ತವೆ, ಆಂಟಿಬಾಡಿಯೂ ಜಾಸ್ತಿ, ಗಟ್ಟಿಯಾಗಿ ಅಂಟಿಕೊಳ್ಳುವಂಥದ್ದು. 6, 10, 14 ವಾರ ಅಂತ ಅಂತರ ಬಿಟ್ಟು ಮೂರು ಸಲ ಕರೆಯುವುದು ಇದಕ್ಕೇ. ಎರಡರ ನಡುವೆ ಕನಿಷ್ಠ 4 ವಾರ ಇರಲೇಬೇಕು.

ಜ್ವರದ ಬಗ್ಗೆ ಸಿಸ್ಟರ್ ಹೇಳುವ ರೀತಿ ನನಗೆ ಬಹಳ ಇಷ್ಟ. ಪ್ರತಿ ತಾಯಿಗೂ ಹೇಳುತ್ತಾರೆ. “ಇವತ್ತು ರಾತ್ರಿ ಕೂಸಿಗೆ ಜ್ವರ ಬರ್ತದ ನೋಡ್ರಿ. ಅಂಜಬ್ಯಾಡ್ರಿ. ಬಂದ ಮ್ಯಾಲೆ ಔಷಧ ಕೊಡ್ರಿ, ಮೊದಲೇ ಕೊಡಬ್ಯಾಡ್ರಿ.” ಪಕ್ಕದಲ್ಲಿ ಬುರ್ಖಾ ಹಾಕಿದ ಹುಡುಗಿ ಕೂತಿದ್ದರೆ ಅದೇ ಮಾತು ದಖ್ಖನಿಯಲ್ಲಿ ಬರುತ್ತದೆ, “ಬುಖಾರ್ ಆತಾ, ಡರೋ ನಕ್ಕೊ.” ಮೊದಲೇ ಕೊಡಬೇಡಿ ಅನ್ನುವುದಕ್ಕೂ ಕಾರಣ ಇದೆ. ಜ್ವರ ಬರುವ ಮುಂಚೆಯೇ ಪ್ಯಾರಾಸಿಟಮಾಲ್ ಕೊಟ್ಟ ಮಕ್ಕಳಲ್ಲಿ ಕೆಲವು ಲಸಿಕೆಗಳ ಆಂಟಿಬಾಡಿ ಕಡಿಮೆ ಬಂದದ್ದು ಸಂಶೋಧನೆಯಲ್ಲಿ ಕಂಡಿದೆ. ಎಷ್ಟು ಹನಿ ಕೊಡಬೇಕು ಅನ್ನುವುದನ್ನು ಕೂಸಿನ ತೂಕ ನೋಡಿ ಅವರೇ ಹೇಳುತ್ತಾರೆ.

ಜ್ವರ ಬರದ, ನೋವಿಲ್ಲದ ಇಂಜೆಕ್ಷನ್ ಅಂತ ಸಾವಿರಾರು ರೂಪಾಯಿ ಕೊಟ್ಟು ಹಾಕಿಸುವವರಿಗೆ ಇದನ್ನು ಹೇಳಬೇಕು. ಸರ್ಕಾರಿ ಪೆಂಟಾದಲ್ಲಿ ನಾಯಿಕೆಮ್ಮಿನ ಸತ್ತ ಬ್ಯಾಕ್ಟೀರಿಯಾ ಇಡಿಯಾಗಿ ಇರುತ್ತದೆ. ದುಬಾರಿ ಲಸಿಕೆಯಲ್ಲಿ ಅದರ ಆಯ್ದ ಕೆಲವು ಪ್ರೋಟೀನ್ ಮಾತ್ರ. ಅದಕ್ಕೇ ಜ್ವರ, ಊತ ಕಡಿಮೆ. ಅದೂ ಒಳ್ಳೆಯ ಲಸಿಕೆಯೇ. ಆದರೆ ನಾಯಿಕೆಮ್ಮಿನ ವಿರುದ್ಧ ಅದು ಕೊಡುವ ರಕ್ಷಣೆ ಬೇಗ ಇಳಿಯುತ್ತದೆ ಅನ್ನುವುದು ಈಗ ಚೆನ್ನಾಗಿ ಗೊತ್ತಾಗಿರುವ ವಿಷಯ. ಒಂದು ರಾತ್ರಿ ನಿದ್ದೆಗೆಟ್ಟು ಕೂಸನ್ನು ಎತ್ತಿಕೊಂಡು ಓಡಾಡಲು ನಾನು ತಯಾರು. ಆ ಬಿಸಿ ಮೈ ಮುಟ್ಟಿದಾಗ ಒಳಗೆ ಕೆಲಸ ನಡೆಯುತ್ತಿದೆ ಅನ್ನುವುದು ನನಗೆ ಧೈರ್ಯ ಕೊಡುತ್ತದೆ. ಜ್ವರ ಬರದಿದ್ದರೆ ಲಸಿಕೆ ಹಿಡಿದಿಲ್ಲ ಅಂತಲೂ ಅಲ್ಲ, ಅದನ್ನೂ ತಿಳಿದಿರಿ. ಎಷ್ಟೋ ಮಕ್ಕಳಿಗೆ ಜ್ವರ ಬರುವುದೇ ಇಲ್ಲ.

ಹುಟ್ಟಿದಾಗ ಆಸ್ಪತ್ರೆಯಲ್ಲಿ ಎಡತೋಳಿಗೆ ಹಾಕಿದ ಕ್ಷಯದ ಲಸಿಕೆ ಬಿಸಿಜಿ ಕೆಲವು ವಾರಕ್ಕೆ ಗುಳ್ಳೆಯಾಗಿ, ಒಡೆದು ಸ್ವಲ್ಪ ಸೋರಿತು. ಚಿತ್ತಾಪುರದಿಂದ ಬಂದಿದ್ದ ನಮ್ಮ ಅತ್ತೆ ಅರಿಶಿನ ಹಚ್ಚೋಣ ಅಂದರು. ಕೇಂದ್ರದಲ್ಲಿ ಕೇಳಿದಾಗ ಸಿಸ್ಟರ್ ಅತ್ತೆಯ ರಟ್ಟೆಯ ಹಳೆಯ ಕಲೆ ಮುಟ್ಟಿ ತೋರಿಸಿದರು. “ಅವ್ವಾ, ನಿಮಗೂ ಹಿಂಗೇ ಆಗಿತ್ತು. ಏನೂ ಹಚ್ಚಬ್ಯಾಡ್ರಿ, ತಾನೇ ಮಾಯ್ತದ.” ಅತ್ತೆ ಒಪ್ಪಿಕೊಂಡರು. ಕ್ಷಯದ ಕ್ರಿಮಿ ಬಲು ಗಟ್ಟಿ. ತನ್ನನ್ನು ನುಂಗಿದ ಮ್ಯಾಕ್ರೋಫೇಜ್ ಒಳಗೇ ಬದುಕಿಬಿಡುತ್ತದೆ. ಆಂಟಿಬಾಡಿ ಅಲ್ಲಿಗೆ ತಲುಪುವುದಿಲ್ಲ. ಟಿ ಕಣ ಬಂದು ಆ ಮ್ಯಾಕ್ರೋಫೇಜ್‌ಗೆ ಬಲ ಕೊಟ್ಟರೆ ಮಾತ್ರ ಕ್ರಿಮಿ ಸಾಯುತ್ತದೆ. ತೋಳಿನ ಆ ಗುಳ್ಳೆಯಲ್ಲಿ ನಡೆಯುವುದು ಟಿ ಕಣಗಳ ಇದೇ ಕೆಲಸ. ಮಕ್ಕಳಿಗೆ ಬರುವ ಮಿದುಳು ಪೊರೆಯ ಕ್ಷಯದಂಥ ಭೀಕರ ರೂಪಗಳಿಂದ ಬಿಸಿಜಿ ಕಾಪಾಡುತ್ತದೆ.

ಪಿಸಿವಿ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಹೊದಿಕೆ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳ ಬಿ ಕಣಗಳು ಬರೀ ಸಕ್ಕರೆಯನ್ನು ಸರಿಯಾಗಿ ಗುರುತಿಸುವುದಿಲ್ಲ, ಟಿ ಕಣದ ನೆರವೂ ಸಿಗುವುದಿಲ್ಲ. ಅದಕ್ಕೇ ಆ ಸಕ್ಕರೆಗೆ ಒಂದು ಪ್ರೋಟೀನ್ ಜೋಡಿಸಿ ಲಸಿಕೆ ಮಾಡಿದ್ದಾರೆ. ಪ್ರೋಟೀನ್ ಕಂಡು ಟಿ ಕಣ ಬರುತ್ತದೆ, ಬಿ ಕಣ ಸಕ್ಕರೆಯನ್ನೂ ಕಲಿಯುತ್ತದೆ. ಹಿಬ್ ಲಸಿಕೆಯದೂ ಇದೇ ಉಪಾಯ. ಇದನ್ನು ಮೊದಲು ಓದಿದಾಗ ಕಂಡುಹಿಡಿದವರ ಬುದ್ಧಿಗೆ ಕೈ ಮುಗಿಯಬೇಕು ಅನಿಸಿತ್ತು. ಮೊದಲು ಖಾಸಗಿಯಲ್ಲಿ ದುಡ್ಡಿದ್ದವರಿಗೆ ಮಾತ್ರ ಸಿಗುತ್ತಿದ್ದ ಲಸಿಕೆ ಈಗ 6 ವಾರ, 14 ವಾರ, 9 ತಿಂಗಳಿಗೆ ಬಿಟ್ಟಿಯಾಗಿ ಸಿಗುತ್ತಿದೆ.

ದಡಾರಕ್ಕೆ, ನಮ್ಮ ಕಡೆ ಗೊಬ್ಬರ ಅಂತಾರಲ್ಲ ಅದಕ್ಕೆ, 9 ತಿಂಗಳು ತುಂಬುವ ತನಕ ಕಾಯಿಸುತ್ತಾರೆ. ಬೇಗ ಹಾಕಿ ಅಂತ ಒಬ್ಬರು ಜಗಳಕ್ಕೇ ನಿಂತಿದ್ದರು. ತಾಯಿಯ ಆಂಟಿಬಾಡಿ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಬಂದಿರುತ್ತದೆ. ಕೆಲವು ತಿಂಗಳು ಅದು ರಕ್ತದಲ್ಲಿ ಉಳಿಯುತ್ತದೆ. ಬೇಗ ಹಾಕಿದರೆ ತಾಯಿಯ ಆಂಟಿಬಾಡಿಯೇ ಲಸಿಕೆಯ ವೈರಸ್ಸನ್ನು ಹಿಡಿದುಹಾಕುತ್ತದೆ, ಕೂಸಿನ ಕಣಗಳಿಗೆ ಕಲಿಯಲು ಏನೂ ಉಳಿಯುವುದಿಲ್ಲ. 9 ತಿಂಗಳಿಗೆ ಹಾಕಿದರೂ ಸುಮಾರು 85% ಮಕ್ಕಳಲ್ಲಿ ಮಾತ್ರ ಹಿಡಿಯುತ್ತದೆ. ಉಳಿದವರಿಗಾಗಿ 16ರಿಂದ 24 ತಿಂಗಳ ನಡುವೆ ಎರಡನೇ ಡೋಸ್ ಇದೆ. ದಯವಿಟ್ಟು ಅದನ್ನು ಬಿಡಬೇಡಿ. ದಡಾರ ಬಂದರೆ ಬೇರೆ ರೋಗಗಳ ನೆನಪಿನ ಕಣಗಳನ್ನೂ ಅದು ಹಾಳು ಮಾಡುತ್ತದೆ. 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ದಡಾರ ಬಂದುಹೋದ ಮಕ್ಕಳು ಅದುವರೆಗೆ ಗಳಿಸಿದ್ದ ಆಂಟಿಬಾಡಿಗಳಲ್ಲಿ 11%ರಿಂದ 73%ರಷ್ಟನ್ನು ಕಳೆದುಕೊಂಡಿದ್ದರು.

ಇಮ್ಯುನಿಟಿ ಪುಡಿಗಳ ಬಗ್ಗೆ ಒಂದು ಮಾತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಊರಿನವರದ್ದೇ. ಆ ಭಯ ಕಂಡವರು ನಾವು. ಆಮೇಲೆ ಅಂಗಡಿಗಳಲ್ಲಿ ಪುಡಿ, ಸಿರಪ್, ಲೇಹ್ಯ ತುಂಬಿಕೊಂಡವು. ಗಂಟಲಮಾರಿಯ ವಿಷವನ್ನು ಗುರುತಿಸುವ ಬಿ ಕಣ ಬೇರೆ, ದಡಾರವನ್ನು ಗುರುತಿಸುವುದು ಬೇರೆ. ಯಾವ ಪುಡಿಯಲ್ಲೂ ಆ ಗುರುತು ಇಲ್ಲ. ಕೂಸಿಗೆ ಎದೆಹಾಲು, ಆಮೇಲೆ ಹೊಟ್ಟೆ ತುಂಬ ಬ್ಯಾಳಿ ಅನ್ನ, ತತ್ತಿ, ಸೊಪ್ಪು, 9 ತಿಂಗಳಿನಿಂದ ಕೇಂದ್ರದಲ್ಲೇ ಕೊಡುವ ವಿಟಮಿನ್ ಎ. ಆ ಪುಡಿಯ ದುಡ್ಡು ಇದಕ್ಕೆ ಖರ್ಚಾಗಲಿ.

ಈಗ ಕೊರತೆಗಳು. ಕಾಯುವ ಜಾಗದಲ್ಲಿ ಬೆಂಚು ಸಾಲದು. ಬಾಣಂತಿಯರು ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ ಕೂರುತ್ತಾರೆ. ಒಂದು ತಗಡಿನ ಚಪ್ಪರ, ಎರಡು ಫ್ಯಾನ್ ಹಾಕಿದರೆ ಸಾಕು. ಕಂಪ್ಯೂಟರ್‌ನಲ್ಲಿ ಹೆಸರು ಏರಿಸಲು ಸರ್ವರ್ ತಡ ಮಾಡುತ್ತದೆ, ಆಗ ಸಾಲು ಬೆಳೆಯುತ್ತದೆ. ಕುಡಿಯುವ ನೀರು ನೀವೇ ಒಯ್ಯಿರಿ. ಹಾಲು ಕುಡಿಸಲು ಪರದೆ ಹಾಕಿದ ಒಂದು ಮೂಲೆ ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು.

ಇಷ್ಟು ಸೆಖೆಯಲ್ಲೂ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುತ್ತಾರೆ. ಜನ ಗೊಣಗುತ್ತಾರೆ. ಕೂರಿಸುವುದು ಸರಿ. ಎಲ್ಲೋ ಅಪರೂಪಕ್ಕೆ ಒಂದು ಮೈ ಅತಿಯಾಗಿ ಪ್ರತಿಕ್ರಿಯಿಸಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯಬಹುದು. ಅದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಟೇಬಲ್ ಮೇಲೆ ಆಗ ತಕ್ಷಣ ಕೊಡುವ ಔಷಧ ಅಡ್ರಿನಲಿನ್ ಇರುವ ಕಿಟ್ ಯಾವಾಗಲೂ ಇರುತ್ತದೆ, ನಾನು ನೋಡಿದ್ದೇನೆ.

ನನಗೆ ಈ ಕೇಂದ್ರದ ಮೇಲೆ ಪ್ರೀತಿ ಹುಟ್ಟಿದ್ದು ಬೇರೆ ಕಾರಣಕ್ಕೆ. ನಮ್ಮ ಕಡೆಯಿಂದ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ಪುಣೆಯಲ್ಲಿ ಕಟ್ಟಡ ಕೆಲಸ ಮುಗಿಸಿ ಬಂದಿದ್ದ ಒಬ್ಬ ಹೆಣ್ಣುಮಗಳು ಎಂಟು ತಿಂಗಳ ಕೂಸಿನೊಂದಿಗೆ ಬಾಗಿಲಲ್ಲೇ ನಿಂತಿದ್ದಳು. ಮೊದಲ ಪೆಂಟಾ ಮಾತ್ರ ಆಗಿತ್ತು. ಬೈಯುತ್ತಾರೆ ಅಂತ ಹೆದರಿದ್ದಳು. ಸಿಸ್ಟರ್ ಬೈಯಲಿಲ್ಲ. ಕಾರ್ಡ್ ನೋಡಿ, “ಬಾ ಒಳಗ, ಇವತ್ತು ಎರಡನೇದು ಹಾಕೋಣ, ತಿಂಗಳು ಬಿಟ್ಟು ಮೂರನೇದು” ಅಂದರು. ತಡವಾಯಿತು ಅಂತ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು, ಯಾಕೆಂದರೆ ಮೊದಲ ಡೋಸಿನ ನೆನಪಿನ ಕಣಗಳು ಇನ್ನೂ ಇರುತ್ತವೆ. ತಡವಾದಷ್ಟು ದಿನ ಕೂಸಿಗೆ ರಕ್ಷಣೆ ಕಡಿಮೆ, ಅಷ್ಟೇ ನಷ್ಟ. ಒಂದು ವರ್ಷದೊಳಗೆ ಪೆಂಟಾ ಶುರು ಮಾಡಬಹುದು. ಶುರುವೇ ಮಾಡದೆ ವರ್ಷ ದಾಟಿದ್ದರೆ ಅದರ ಬದಲು ಡಿಪಿಟಿ ಕೊಡುತ್ತಾರೆ. ಎಂ.ಆರ್. ಅನ್ನು ಐದು ವರ್ಷದವರೆಗೂ ಹಾಕುತ್ತಾರೆ.

ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಹೋಗಿ. ಗಂಟಲಮಾರಿ ನಮ್ಮ ಉತ್ತರ ಕರ್ನಾಟಕದಲ್ಲಿ ಇನ್ನೂ ಕಾಣಿಸಿಕೊಳ್ಳುತ್ತಿದೆ. ಅದರ ವಿಷದ ವಿರುದ್ಧದ ಆಂಟಿಬಾಡಿ ವರ್ಷ ಕಳೆದಂತೆ ಇಳಿಯುತ್ತದೆ. ಅದಕ್ಕೇ 5ರಿಂದ 6 ವರ್ಷದೊಳಗೆ ಡಿಪಿಟಿ ಬೂಸ್ಟರ್, 10ಕ್ಕೆ ಮತ್ತು 16ಕ್ಕೆ ಧನುರ್ವಾಯು, ಗಂಟಲಮಾರಿಯ ಟಿಡಿ ಲಸಿಕೆ. ಇವು ಮೂರನ್ನು ಮರೆತ ಮನೆಗಳೇ ಜಾಸ್ತಿ.

ಬೆಳಿಗ್ಗೆ ಹತ್ತರೊಳಗೆ ಹೋದರೆ ಸಾಲು ಕಡಿಮೆ. ತಾಯಿ ಕಾರ್ಡ್ ಒಯ್ಯಿರಿ. ಕಳೆದುಹೋಗಿದ್ದರೆ ಹಿಂದೆ ಕೊಟ್ಟ ಫೋನ್ ನಂಬರ್ ಹೇಳಿ, ಹುಡುಕಿ ಕೊಡುತ್ತಾರೆ. ಸಣ್ಣ ನೆಗಡಿ, ಕೆಮ್ಮು ಇದ್ದರೂ ಹೋಗಿ, ಹಾಕಬಹುದೋ ಬೇಡವೋ ಅಂತ ಅವರೇ ನೋಡಿ ಹೇಳುತ್ತಾರೆ.